ರೂಪಾಂತರಿಯ ವೇಗ, ಲಸಿಕೆಯ ಲೆಕ್ಕ

2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ದೃಢಪಟ್ಟವು. ಇಬ್ಬರೂ ಎರಡು ಡೋಸ್ ಲಸಿಕೆ ಪಡೆದವರೇ. ‘ಹಾಗಾದರೆ ಲಸಿಕೆ ಹಾಕಿಸಿಕೊಂಡು ಏನು ಬಂತು?’ ಎಂದು ಜನ ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಉತ್ತರಿಸಬೇಕಾದವರು ಬಿಡಿಸಿ ಹೇಳಲಿಲ್ಲ.

ಕೊರೊನಾ ವೈರಾಣುವಿನ ವಂಶವಾಹಿಯಲ್ಲಿ ಸುಮಾರು 30 ಸಾವಿರ ಅಕ್ಷರಗಳಿವೆ. ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಬಹುಪಾಲು ತಪ್ಪುಗಳಿಂದ ಏನೂ ಆಗದು. ಆದರೆ ಜೀವಕೋಶಕ್ಕೆ ಅಂಟಿಕೊಳ್ಳುವ ಸ್ಪೈಕ್ ಪ್ರೋಟೀನಿನಲ್ಲಿ ಆಗುವ ಬದಲಾವಣೆಯ ಪರಿಣಾಮ ದೊಡ್ಡದು. ಡೆಲ್ಟಾ ರೂಪಾಂತರಿಯಲ್ಲಿ ಕಂಡ ‘ಪಿ681ಆರ್’ ಬದಲಾವಣೆ ವೈರಾಣು ಜೀವಕೋಶದೊಳಗೆ ನುಗ್ಗುವುದನ್ನು ಸಲೀಸು ಮಾಡಿತು. ಓಮೈಕ್ರಾನ್‌ನ ಸ್ಪೈಕ್‌ನಲ್ಲಿ ಇಂಥ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಮೊದಲಿನ ತಳಿಗೆಂದು ಸಿದ್ಧವಾಗಿದ್ದ ಪ್ರತಿಕಾಯಗಳಲ್ಲಿ ಹೆಚ್ಚಿನವಕ್ಕೆ ಅದರ ಗುರುತು ಹತ್ತಲಿಲ್ಲ. ಹಾಗಾಗಿ ಲಸಿಕೆ ಪಡೆದವರಿಗೂ ಸೋಂಕು ತಗುಲಿತು, ಅವರಿಂದ ಇತರರಿಗೂ ಹರಡಿತು. ಆದರೆ ದೇಹದ ಟಿ ಕೋಶಗಳು ವೈರಾಣುವಿನ ಹತ್ತಾರು ತುಣುಕುಗಳನ್ನು ಗುರುತಿಟ್ಟುಕೊಳ್ಳುತ್ತವೆ, ಅವುಗಳಲ್ಲಿ ಬಹಳಷ್ಟು ಬದಲಾಗಿರಲಿಲ್ಲ. ಸೋಂಕು ತಡೆಯುವ ಶಕ್ತಿ ಕುಗ್ಗಿದರೂ ಪ್ರಾಣ ಕಾಯುವ ಶಕ್ತಿ ಬಹುಮಟ್ಟಿಗೆ ಉಳಿದದ್ದು ಇದರಿಂದಲೇ.

ಎಲ್ಲ ವೈರಾಣುಗಳೂ ಹೀಗೆ ತಪ್ಪಿಸಿಕೊಳ್ಳಲಾರವು. 1954ರಲ್ಲಿ ಬೇರ್ಪಡಿಸಿದ ದಡಾರದ ವೈರಾಣುವಿನಿಂದ ರೂಪಿಸಿದ ಲಸಿಕೆ ಇಂದಿಗೂ ಕೆಲಸ ಮಾಡುತ್ತಿದೆ. ಫ್ಲೂ ಹಾಗಲ್ಲ, ಅದರ ಲಸಿಕೆಗೆ ಯಾವ ತಳಿ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಹೇಳಬೇಕಾಗುತ್ತದೆ.

ರೂಪಾಂತರಿಯ ಸುದ್ದಿ ಪ್ರಯೋಗಾಲಯದಿಂದ ಲಸಿಕಾ ಕೇಂದ್ರಕ್ಕೆ ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ಡೆಲ್ಟಾ ಅಬ್ಬರಿಸುತ್ತಿದ್ದಾಗ ನಮ್ಮಲ್ಲಿ ಕೋವಿಶೀಲ್ಡ್ ಡೋಸ್‌ಗಳ ಅಂತರವನ್ನು 12–16 ವಾರಗಳಿಗೆ ಹಿಗ್ಗಿಸಲಾಯಿತು. ಅದೇ ತಿಂಗಳು ಬ್ರಿಟನ್, ಡೆಲ್ಟಾಕ್ಕೆ ಹೆದರಿ, 50 ದಾಟಿದವರಿಗೆ ಅಂತರವನ್ನು 12ರಿಂದ 8 ವಾರಕ್ಕೆ ಇಳಿಸಿತು. ಇದೇ ಲಸಿಕೆಯ ಒಂದು ಡೋಸ್ ಡೆಲ್ಟಾದ ಲಕ್ಷಣಸಹಿತ ಕಾಯಿಲೆಯನ್ನು ಶೇ 30ರಷ್ಟು, ಎರಡು ಡೋಸ್ ಶೇ 67ರಷ್ಟು ತಡೆಯುತ್ತವೆ ಎಂದು ಅಲ್ಲಿನ ಅಂಕಿಅಂಶ ತೋರಿಸಿತು. ನಮ್ಮಲ್ಲಿ ಲಸಿಕೆಯ ಕೊರತೆ ಇದ್ದದ್ದು ನಿಜ. ಹೆಚ್ಚು ಅಂತರವಿದ್ದರೆ ಪ್ರತಿಕಾಯ ಚೆನ್ನಾಗಿ ಮೂಡುತ್ತದೆ ಎಂಬ ವಾದಕ್ಕೂ ಆಧಾರವಿತ್ತು. ಆದರೂ ವಯಸ್ಸಾದವರನ್ನು, ಸಕ್ಕರೆ ಕಾಯಿಲೆಯವರನ್ನು ಅಂಥ ಹೊತ್ತಿನಲ್ಲಿ ಒಂದೇ ಡೋಸ್‌ನ ಮೇಲೆ ಮೂರು ತಿಂಗಳು ಬಿಟ್ಟದ್ದು ಸರಿಯಾದ ನಿರ್ಧಾರವಾಗಿರಲಿಲ್ಲ. ಅವರಿಗಾದರೂ ಎರಡನೇ ಡೋಸ್ ಬೇಗ ಕೊಡಬಹುದಿತ್ತು.

ತಳಿಗಳ ಮೇಲೆ ಕಣ್ಣಿಡಲು 2020ರ ಡಿಸೆಂಬರ್‌ನಲ್ಲಿ ಇನ್ಸಾಕಾಗ್ ಎಂಬ ಪ್ರಯೋಗಾಲಯಗಳ ಜಾಲ ಹುಟ್ಟಿತು. ನಿಮ್ಹಾನ್ಸ್ ಕೂಡ ಅದರಲ್ಲಿದೆ. ಬೆಂಗಳೂರಿನ ಒಳಚರಂಡಿ ನೀರಿನಲ್ಲೂ ವಿಜ್ಞಾನಿಗಳು ವೈರಾಣುವಿನ ಜಾಡು ಹಿಡಿದರು. ಆದರೆ ಯಾವ ತಳಿ ತಗುಲಿದವರು ಎಷ್ಟು ಡೋಸ್ ಪಡೆದಿದ್ದರು, ಅವರಲ್ಲಿ ಎಷ್ಟು ಮಂದಿ ಆಸ್ಪತ್ರೆ ಸೇರಿದರು ಎಂಬುದು ಒಂದೇ ಕಡೆ ಸಿಗದಿದ್ದರೆ ಲಸಿಕೆ ಎಷ್ಟು ಕೆಲಸ ಮಾಡುತ್ತಿದೆಯೆಂದು ತಿಳಿಯುವುದಾದರೂ ಹೇಗೆ? ಈ ಮೂರನ್ನೂ ಜೋಡಿಸಿ, ರೋಗಿಗಳ ಗುರುತು ಮರೆಮಾಡಿ, ವಾರವಾರ ಸಾರ್ವಜನಿಕರ ಮುಂದಿಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಈಗಲೇ, ಸೋಂಕು ತಣ್ಣಗಿರುವಾಗಲೇ, ಕಟ್ಟಲಿ.