‘ಬರೀ ಫಾರ್ವರ್ಡ್ ಮಾಡಿದೆ’ ಅಂದರೆ ಕಾನೂನು ಬಿಡುತ್ತದೆಯೇ?

‘ವಿಡಿಯೊ ಮಾಡಿದವನಿಗಷ್ಟೇ ಶಿಕ್ಷೆ, ಫಾರ್ವರ್ಡ್ ಮಾಡಿದವರಿಗೆ ಏನೂ ಆಗಲ್ಲ, ನಮಗೆ ವಾಕ್ ಸ್ವಾತಂತ್ರ್ಯವಿದೆ’ ಎಂದು ನಂಬಿರುವವರು ಬಹಳ ಜನ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಲ್ಲಿ ಕೂತು ಕಳಿಸಿದರೂ ಬೆಂಗಳೂರಿನಿಂದ ಕಳಿಸಿದರೂ ಕಾನೂನು ಒಂದೇ. ಅದು ಏನು ಹೇಳುತ್ತದೆ ನೋಡೋಣ.

ಸ್ವಾತಂತ್ರ್ಯ ಎಲ್ಲಿಯವರೆಗೆ?

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(2) ವಿಧಿ ಸಭ್ಯತೆ, ನೈತಿಕತೆ ಮೊದಲಾದ ಕಾರಣಗಳಿಗೆ ಸಮಂಜಸ ಮಿತಿ ಹಾಕಲು ಬಿಡುತ್ತದೆ. 2015ರಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿತು. ಅಶ್ಲೀಲತೆಗೆ ಸಂಬಂಧಿಸಿದ 67ನೇ ಸೆಕ್ಷನ್ ಮಾತ್ರ ಹಾಗೇ ಉಳಿದಿದೆ.

ಬೈಗುಳವೆಲ್ಲ ಅಶ್ಲೀಲವೇ?

ಅಲ್ಲ. ನಗ್ನತೆ ಇದೆ ಎಂಬ ಒಂದೇ ಕಾರಣಕ್ಕೆ ಚಿತ್ರ ಅಶ್ಲೀಲವಾಗದು, ಸಂದರ್ಭವನ್ನೂ ಇಂದಿನ ಸಮಾಜದ ದೃಷ್ಟಿಯನ್ನೂ ನೋಡಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಮಾರ್ಚ್‌ನಲ್ಲಿ ‘ಕಾಲೇಜ್ ರೊಮ್ಯಾನ್ಸ್’ ವೆಬ್ ಸರಣಿಯ ಪ್ರಕರಣದಲ್ಲಿ, ಕೆಟ್ಟ ಪದ ಬಳಸಿದ ಮಾತ್ರಕ್ಕೆ ಅಶ್ಲೀಲತೆ ಆಗುವುದಿಲ್ಲ ಎಂದಿತು.

ಹಾಸನ ಕಲಿಸಿದ ಪಾಠ

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆ ಹೊತ್ತಿಗೆ, ಹಾಸನದಲ್ಲಿ ಮಹಿಳೆಯರ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಹರಿದಾಡಿದವು. ಮುಖವನ್ನು ಮಸುಕು ಕೂಡ ಮಾಡಿರಲಿಲ್ಲ. ಅವನ್ನು ಹಂಚಿದರೆ ಕ್ರಮ ಕೈಗೊಳ್ಳುತ್ತೇವೆ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ದೌರ್ಜನ್ಯ ನಡೆದದ್ದು ಒಮ್ಮೆ. ಪ್ರತಿ ಫಾರ್ವರ್ಡ್‌ನಲ್ಲೂ ಆ ಹೆಣ್ಣುಮಕ್ಕಳ ಮಾನ ಮತ್ತೆ ಬೀದಿಗೆ ಬಂತು. ರಾಜಕಾರಣಿಯನ್ನು ಟೀಕಿಸಲು, ತನಿಖೆ ಕೇಳಲು ಆ ವಿಡಿಯೊ ಬೇಕಿರಲಿಲ್ಲ. ಟೀಕೆ ನಮ್ಮ ಹಕ್ಕು, ಅವರ ಮುಖ ನಮ್ಮ ಸ್ವತ್ತಲ್ಲ.

ಶಿಕ್ಷೆ ಎಷ್ಟು?

67ನೇ ಸೆಕ್ಷನ್ ‘ಪ್ರಕಟಿಸುವುದು’ ಮತ್ತು ‘ರವಾನಿಸುವುದು’ ಎರಡನ್ನೂ ಅಪರಾಧ ಎನ್ನುತ್ತದೆ. ಫಾರ್ವರ್ಡ್ ಅಂದರೆ ರವಾನೆಯೇ. ಮೊದಲ ಸಲ ಸಿಕ್ಕಿಬಿದ್ದರೆ:

• ಅಶ್ಲೀಲ ವಸ್ತು (67): 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ
• ಲೈಂಗಿಕ ಕ್ರಿಯೆಯ ದೃಶ್ಯ (67ಎ): 5 ವರ್ಷ, 10 ಲಕ್ಷದವರೆಗೆ
• ಮಕ್ಕಳದ್ದಾದರೆ (67ಬಿ): ಶಿಕ್ಷೆ ಅಷ್ಟೇ, ಆದರೆ ಡೌನ್‌ಲೋಡ್ ಮಾಡುವುದೂ ಅಪರಾಧ

ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲಾಗಬಹುದು.

ಹಾಗಾದರೆ ಏನು ಮಾಡಬೇಕು?

ಇಂಥದ್ದು ಬಂದರೆ ಮುಂದೆ ಕಳಿಸಬೇಡಿ, ‘ಇದು ನಿಜವೇ?’ ಎಂದು ಕೇಳುವ ನೆಪದಲ್ಲೂ ಬೇಡ. ಪೊಲೀಸರಿಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಿ. ಮಹಿಳೆಯರು, ಮಕ್ಕಳ ವಿಷಯದಲ್ಲಿ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ತೀರ್ಮಾನ: ‘ಫಾರ್ವರ್ಡ್ ಮಾಡಿದವರಿಗೆ ಏನೂ ಆಗಲ್ಲ’ ಎಂಬುದು ತಪ್ಪು.