ಸ್ಟಾಲ್ ಸ್ಪೀಡ್ ಅಂಗಡಿಯಲ್ಲಿ ಸಿಗುವುದಿಲ್ಲ

ಹೈದರಾಬಾದಿನ ಗಚ್ಚಿಬೌಲಿ, ಮಾದಾಪುರದ ಐಟಿ ಹುಡುಗರಲ್ಲಿ ಕೆಲವರಿಗೆ ಡ್ರ್ಯಾಗ್ ರೇಸಿನ ಹುಚ್ಚು. ನಾನು ಗೇರ್‌ಬಾಕ್ಸ್ ವಿನ್ಯಾಸದ ಕೆಲಸದವನೆಂದು ತಿಳಿದರೆ ಸಾಕು, ‘ಸಾರ್, ಆಟೊಮ್ಯಾಟಿಕ್ ಕಾರಿಗೆ ಎಷ್ಟು ಸ್ಟಾಲ್‌ನ ಟಾರ್ಕ್ ಕನ್ವರ್ಟರ್ ಹಾಕಿಸಲಿ? ಮೂರು ಸಾವಿರವೋ, ನಾಲ್ಕು ಸಾವಿರವೋ?’ ಎನ್ನುತ್ತಾರೆ, ಚಪ್ಪಲಿ ಸೈಜ್ ಕೇಳಿದ ಹಾಗೆ.

ಎದುರುಬದುರು ಇಟ್ಟ ಎರಡು ಫ್ಯಾನ್ ನೆನೆಸಿಕೊಳ್ಳಿ. ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಕನ್ವರ್ಟರ್‌ನಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ಕಡೆಯ ಇಂಪೆಲ್ಲರ್ ಎಣ್ಣೆ ಚಿಮ್ಮಿಸುತ್ತದೆ, ಗೇರ್‌ಬಾಕ್ಸ್ ಕಡೆಯ ಟರ್ಬೈನ್ ಅದರ ಹೊಡೆತಕ್ಕೆ ತಿರುಗುತ್ತದೆ. ನಡುವಿನ ಸ್ಟೇಟರ್ ಹಿಂದಿರುಗುವ ಎಣ್ಣೆಯ ದಿಕ್ಕು ಬದಲಿಸುವುದರಿಂದ, ಕಾರು ಹೊರಡುವ ಕ್ಷಣದಲ್ಲಿ ಟಾರ್ಕ್ ಸುಮಾರು ಎರಡು ಪಟ್ಟಾಗುತ್ತದೆ. 1905ರಲ್ಲಿ ಜರ್ಮನಿಯ ಹರ್ಮನ್ ಫೋಟಿಂಗರ್ ಈ ತತ್ವಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ!

ಟರ್ಬೈನ್ ಕದಲದಂತೆ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಒಂದು ಆರ್‌ಪಿಎಂಗೆ ಏರಿ ಅಲ್ಲೇ ನಿಲ್ಲುತ್ತದೆ. ಅದೇ ಸ್ಟಾಲ್. ಇದು ಕನ್ವರ್ಟರ್ ಒಂದರ ಗುಣವಲ್ಲ. ಅದೇ ಕನ್ವರ್ಟರನ್ನು ಹೆಚ್ಚು ಟಾರ್ಕ್‌ನ ಎಂಜಿನ್ನಿಗೆ ಜೋಡಿಸಿ, ಅಂಕಿ ಮೇಲೇರುತ್ತದೆ. ಹಾಗಾಗಿ ಡೈನೊದಲ್ಲಿ ಅಳೆದ ಟಾರ್ಕ್, ಕಾರಿನ ತೂಕ, ಗೇರ್ ರೇಶಿಯೊ, ಟೈರಿನ ಎತ್ತರ ಇಷ್ಟೂ ಕೈಯಲ್ಲಿರದೆ ಕನ್ವರ್ಟರ್ ಕೊಳ್ಳುವುದು ದಂಡ. ಸ್ಟಾಲ್ ಕಡಿಮೆಯಾದರೆ ಹೊರಡುವಾಗಲೇ ಎಂಜಿನ್ ಮುಗ್ಗರಿಸುತ್ತದೆ. ಟರ್ಬೊ ಇದ್ದರಂತೂ ಬೂಸ್ಟ್ ಏಳುವುದೇ ಇಲ್ಲ. ತೀರಾ ಹೆಚ್ಚಾದರೆ ಕೊನೆಯ ಗೇರಿನಲ್ಲೂ ಕನ್ವರ್ಟರ್ ಜಾರುತ್ತ ಶಕ್ತಿಯನ್ನು ಬರೀ ಬಿಸಿಯಾಗಿಸುತ್ತದೆ.

ಆ ಬಿಸಿ ಎಲ್ಲಿಗೆ ಹೋಗಬೇಕು? ಎಣ್ಣೆಗೇ. ಮೇ ತಿಂಗಳ 40 ಡಿಗ್ರಿಯಲ್ಲಿ, ಹೈಟೆಕ್ ಸಿಟಿಯ ಸಂಜೆಯ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ ಹೈ ಸ್ಟಾಲ್ ಹಾಕಿಸಿದರೆ ಗೇರ್‌ಬಾಕ್ಸ್ ಎಣ್ಣೆ ಸುಟ್ಟು ಕ್ಲಚ್ ಪ್ಲೇಟುಗಳೂ ಹೋಗುತ್ತವೆ. ಆಫೀಸಿಗೆ ಓಡಿಸುವ ಕಾರಿನಲ್ಲಿ ಕಂಪನಿ ಕೊಟ್ಟ ಕನ್ವರ್ಟರೇ ಇರಲಿ. ಕೈಲಿರುವ ಹಣಕ್ಕೆ ಒಳ್ಳೆಯ ಆಯಿಲ್ ಕೂಲರ್ ಹಾಕಿಸಿ ಎನ್ನುತ್ತೇನೆ. (ಡಿಎಸ್‌ಜಿ ಗೇರ್‌ಬಾಕ್ಸಿನಲ್ಲಿ ಕನ್ವರ್ಟರೇ ಇಲ್ಲ ಎಂದಾಗ ಮುಖ ಸಪ್ಪಗಾದವರನ್ನೂ ಕಂಡಿದ್ದೇನೆ.)

ರೇಸಿಗೆಂದೇ ಕಟ್ಟಿದ ಕಾರಿನ ಲೆಕ್ಕ ಬೇರೆ. ಅಲ್ಲಿ 1950ರ ಎರಡೇ ಗೇರಿನ ಪವರ್‌ಗ್ಲೈಡ್ ಇಂದಿಗೂ ಚಾಲ್ತಿಯಲ್ಲಿದೆ. ಟ್ರಾನ್ಸ್‌ಬ್ರೇಕ್ ಒತ್ತಿದರೆ ಫಸ್ಟ್ ಮತ್ತು ರಿವರ್ಸ್ ಒಟ್ಟಿಗೆ ಬಿದ್ದು ಕಾರು ಬಿಗಿಯಾಗಿ ನಿಲ್ಲುತ್ತದೆ, ಬಿಟ್ಟೊಡನೆ ಚಿಮ್ಮುತ್ತದೆ. ಮೊದಲ 60 ಅಡಿಗೆ ಹಿಡಿದ ಸಮಯ ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಓಡಿಸಬೇಕು.

ಎಲ್ಲಿ ಓಡಿಸುವುದು? ‘ರಾತ್ರಿ ಔಟರ್ ರಿಂಗ್ ರೋಡ್ ಖಾಲಿ ಇರುತ್ತದಲ್ಲ’ ಎನ್ನುವ ಉತ್ತರ ನನಗೆ ಭಯ ತರಿಸುತ್ತದೆ. 158 ಕಿ.ಮೀ. ಉದ್ದದ ಆ ರಸ್ತೆಯಲ್ಲಿ ರಾತ್ರಿಯಿಡೀ ಲಾರಿಗಳು, ಏರ್‌ಪೋರ್ಟ್ ಟ್ಯಾಕ್ಸಿಗಳು ಓಡುತ್ತವೆ. 2023ರ ಫೆಬ್ರುವರಿಯಲ್ಲಿ ಫಾರ್ಮುಲಾ-ಇಗಾಗಿ ಹುಸೇನ್ ಸಾಗರದ ಸುತ್ತ ರಸ್ತೆಗಳನ್ನೇ ಮುಚ್ಚಿದ ನಗರವಿದು. ಆಂಬಿ ವ್ಯಾಲಿಯ ರನ್‌ವೇಯಲ್ಲಿ ನಡೆಯುವಂತೆ ಇಲ್ಲೂ ತಿಂಗಳಿಗೊಂದು ಭಾನುವಾರ, 402 ಮೀಟರ್ ಓಡಿಸಿ, ಆಮೇಲೆ ಬ್ರೇಕ್ ಹಿಡಿದು ನಿಲ್ಲಿಸುವಷ್ಟು ಜಾಗ, ಟೈಮಿಂಗ್ ಲೈಟು, ಒಂದು ಆಂಬುಲೆನ್ಸ್ ಕೊಟ್ಟರೆ ಸಾಕು.