ಹಾವಿಗೂ ಒಂದು ಮೂಲೆ ಬೇಕು

ಹಾವು ಸಾಕಿದ್ದೀನಿ ಅಂದ ಕೂಡಲೇ ನಮ್ಮ ಮಂಡ್ಯ ಕಡೆಯವರು ಕೇಳುವ ಮೊದಲ ಪ್ರಶ್ನೆ: "ಹಾಲು ಕುಡೀತದಾ?" ಇಲ್ಲ. ಹಾವು ಸಸ್ತನಿಯಲ್ಲ, ಹಾಲು ಅದರ ಆಹಾರವೇ ಅಲ್ಲ. ಎರಡನೇ ಪ್ರಶ್ನೆ: "ಹಿಡ್ಕೊಂಡ್ ಹೋಗಲ್ವಾ?" ಕಬ್ಬಿನ ಗದ್ದೆಯ ಕೇರೆಹಾವನ್ನೋ ನಾಗರಹಾವನ್ನೋ ಮನೆಗೆ ತಂದು ಸಾಕಿದರೆ ಖಂಡಿತ ಕೇಸಾಗುತ್ತೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ನನ್ನದು ಆಫ್ರಿಕಾ ಮೂಲದ ಬಾಲ್ ಪೈಥಾನ್. ವಿಷವಿಲ್ಲ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುತ್ತೆ. 2022ರ ತಿದ್ದುಪಡಿಯ ನಂತರ ಇಂಥ ವಿದೇಶಿ ಪ್ರಾಣಿಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾಡಿಸಿದ್ದೀನಿ. ಮೈಬಣ್ಣ ಅಚ್ಚುಬೆಲ್ಲದ ಹಾಗಿರೋದರಿಂದ ಹೆಸರು ಅಚ್ಚು.

ಮೂರನೇ ಪ್ರಶ್ನೆ ಯಾರೂ ಕೇಳಲ್ಲ. ಆದರೆ ಸಾಕಿದವರ ನಿದ್ದೆ ಕೆಡಿಸೋದು ಅದೇ: ಹಾವು ತಿನ್ನೋದನ್ನೇ ನಿಲ್ಲಿಸಿದರೆ?

ದೀಪಾವಳಿ ಆದಮೇಲೆ ಬೆಂಗಳೂರಿನ ಬಾಡಿಗೆ ಫ್ಲ್ಯಾಟ್ ಖಾಲಿ ಮಾಡಿ ಪಾಂಡವಪುರದ ನಮ್ಮ ಮನೆಗೆ ಬಂದೆ. ಅಚ್ಚುವಿನ ಗಾಜಿನ ಪೆಟ್ಟಿಗೆ ಅದೇ, ಊಟ ಅದೇ. ಬದಲಾಗಿದ್ದು ಸುತ್ತಲಿನ ಮನೆ. ಬೆಂಗಳೂರಲ್ಲಿ ನಾನೊಬ್ಬನೇ, ಇಲ್ಲಿ ಹಾಲ್‌ನಲ್ಲಿ ಟಿವಿ, ಮಿಕ್ಸಿ, ಹೋಗಿಬರುವ ನೆಂಟರು, ಗಾಜಿಗೆ ಮೂಗು ಒತ್ತಿ ನೋಡುವ ಅಕ್ಕನ ಮಕ್ಕಳು. ಹೆಂಚಿನ ಮನೆ, ರಾತ್ರಿ ಚಳಿ. ಹತ್ತು ಹದಿನಾಲ್ಕು ದಿನಕ್ಕೊಮ್ಮೆ ತಪ್ಪದೆ ಇಲಿ ತಿನ್ನುತ್ತಿದ್ದ ಅಚ್ಚು ಮೂಸಿಯೂ ನೋಡಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ.

ಅವ್ವನಿಗೆ ಮೊದಲೇ ಇಷ್ಟವಿರಲಿಲ್ಲ. "ಹಸಿದ ಜೀವ ಮನೇಲಿಟ್ಕೊಂಡು ನಾವು ಉಣ್ಣಾಕಾಯ್ತದಾ? ಸಂಕ್ರಾಂತಿ ಒಳಗೆ ತಿನ್ನಲಿಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಬುಡು" ಅಂದಳು. ಮಾತಿನಲ್ಲಿ ಕೋಪಕ್ಕಿಂತ ಸಂಕಟವೇ ಜಾಸ್ತಿಯಿತ್ತು.

ಆಫೀಸಿನಲ್ಲಿ ಬಗ್ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸ್ತೀವಿ. ಇಲ್ಲೂ ಹಾಗೇ ಮಾಡಿದೆ. ನಡುವೆ ಒಂದೊಂದು ವಾರದ ಬಿಡುವು.

ಮೊದಲು ಬಿಸಿ. ಹಾವಿಗೆ ಸ್ವಂತ ಮೈಬಿಸಿ ಇಲ್ಲ. ಮೈ ಬೆಚ್ಚಗಾಗದಿದ್ದರೆ ತಿಂದದ್ದು ಅರಗಲ್ಲ, ಹಾಗಾಗಿ ತಿನ್ನೋಕೇ ಹೋಗಲ್ಲ. ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು ಇರಬೇಕು. ಎಲ್ಲಿ ಮಲಗಬೇಕು ಅನ್ನೋದನ್ನು ಹಾವೇ ಆರಿಸಿಕೊಳ್ಳುತ್ತೆ. ಥರ್ಮಾಮೀಟರನ್ನು ಗಾಜಿಗೆ ಅಂಟಿಸದೆ ಹಾವು ಮಲಗುವ ನೆಲದಲ್ಲೇ ಇಟ್ಟು ಅಳೆದೆ. ಬೆಳಗಿನ ಜಾವ ಬಿಸಿ ಬದಿಯೇ 27ಕ್ಕೆ ಇಳಿದಿತ್ತು. ಹೀಟ್ ಮ್ಯಾಟ್‌ಗೆ ಥರ್ಮೋಸ್ಟಾಟ್, ಕರೆಂಟ್ ಹೋದಾಗಲೂ ನಡೆಯಲಿ ಅಂತ ಇನ್ವರ್ಟರ್ ಲೈನ್ ಕೊಟ್ಟೆ. ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಬೇಡಿ, ಹಾವಿನ ಹೊಟ್ಟೆ ಸುಡುತ್ತೆ.

ಎರಡನೆಯದು ಅಡಗುತಾಣ. ಕಾಡಿನಲ್ಲಿ ಈ ಹಾವು ಹಗಲೆಲ್ಲ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಇರುತ್ತೆ. ಅದಕ್ಕೆ ವಿಶಾಲವಾದ ಬಂಗಲೆ ಬೇಡ, ನಾಲ್ಕೂ ಕಡೆ ಮೈಗೆ ತಾಗುವ ಇಕ್ಕಟ್ಟಾದ ಜಾಗ ಬೇಕು. ಒಂದೇ ಅಳತೆಯ ಎರಡು ಮಣ್ಣಿನ ಮಡಕೆ ತಂದು, ಅಂಚಿನಲ್ಲಿ ಬಾಗಿಲು ಮಾಡಿ, ಸ್ಯಾಂಡ್‌ಪೇಪರ್ ಉಜ್ಜಿ ನುಣುಪು ಮಾಡಿ, ಬಿಸಿ ಬದಿಗೊಂದು ತಂಪು ಬದಿಗೊಂದು ಬೋರಲು ಹಾಕಿದೆ. ಎರಡೂ ಏಕೆ ಅಂದರೆ, ಒಂದೇ ಇದ್ದರೆ ಹಾವು ಬಿಸಿ ಬೇಕೋ ಧೈರ್ಯ ಬೇಕೋ ಅಂತ ಆರಿಸಬೇಕಾಗುತ್ತೆ.

ಮೂರನೆಯದು ನೋಟ ಮತ್ತು ಸದ್ದು. ಗಾಜಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ಪೆಟ್ಟಿಗೆಯನ್ನು ಹಾಲ್‌ನಿಂದ ಒಳಕೋಣೆಗೆ ಸಾಗಿಸಿದೆ. ಕೈಗೆತ್ತಿಕೊಳ್ಳೋದನ್ನು ಪೂರ್ತಿ ನಿಲ್ಲಿಸಿದೆ. ವಾರಕ್ಕೊಮ್ಮೆ ಮಡಕೆ ಸಮೇತ ಎತ್ತಿ ತೂಗಿ, ಮಡಕೆಯ ತೂಕ ಕಳೆಯುತ್ತಿದ್ದೆ, ಅಷ್ಟೇ.

ಆಮೇಲೂ ಒಂದು ಸಲ ಇಲಿ ಹಾಗೇ ಉಳಿಯಿತು. ಡಿಸೆಂಬರ್ ಕೊನೆ. 1,240 ಗ್ರಾಂ ಇದ್ದವನು 1,165ಕ್ಕೆ ಇಳಿದಿದ್ದ. ಕೊಡೋದಾದರೆ ಯಾರಿಗೆ ಅಂತ ಯೋಚನೆ ಶುರುವಾಗಿತ್ತು. ಆ ಸಂಜೆ ಅವ್ವ ಬಾಗಿಲಲ್ಲೇ ನಿಂತು ಇಣುಕಿದಳು. "ಕಣ್ಣು ಮಬ್ಬಾಗದೆ, ಮೈ ಮಂಕಾಗದೆ. ಜ್ವರಕ್ಕೆ ಕೂತದೆ ಕಣ್ಲಾ. ಈಗ ಯಾಕ್ ಊಟ ಹಾಕ್ತೀಯ?"

ಅವ್ವ ಕೆ.ಆರ್. ಪೇಟೆ ತಾಲ್ಲೂಕಿನ ರೇಷ್ಮೆ ಹುಳ ಸಾಕುವ ಮನೆಯ ಮಗಳು. ಹುಳ ಗೂಡು ಕಟ್ಟೋಕೆ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಆಗ ಸೊಪ್ಪು ಮುಟ್ಟದೆ ತಲೆ ಎತ್ತಿ ಸುಮ್ಮನೆ ಕೂರುತ್ತೆ. ಅದಕ್ಕೇ ನಮ್ಮ ಕಡೆ 'ಜ್ವರ' ಅಂತಾರೆ. ಆ ಹೊತ್ತಲ್ಲಿ ಸೊಪ್ಪು ಹಾಕಬಾರದು, ಅಲುಗಾಡಿಸಬಾರದು. ಚಾಕಿ ಹುಳಕ್ಕೆ ಬಿಸಿ, ತೇವ ಜಾಸ್ತಿ ಬೇಕು, ದೊಡ್ಡ ಹುಳಕ್ಕೆ ಕಡಿಮೆ. ಹುಳ ತಿನ್ನಲಿಲ್ಲ ಅಂದರೆ ಹುಳವನ್ನು ಬೈಯಲ್ಲ, ಮನೆಯ ಕಿಟಕಿ ನೋಡ್ತಾರೆ. ನನ್ನ ಎಕ್ಸೆಲ್ ಶೀಟ್‌ನಲ್ಲಿದ್ದದ್ದೆಲ್ಲ ಅವ್ವನಿಗೆ ಬೇರೆ ಹೆಸರಲ್ಲಿ ಗೊತ್ತಿತ್ತು. ಹಾವೂ ಪೊರೆ ಬಿಡುವ ಮುಂಚೆ ಸಾಮಾನ್ಯವಾಗಿ ತಿನ್ನಲ್ಲ.

ಪೆಟ್ಟಿಗೆಯ ತೇವ 65 ಶೇಕಡಾ ದಾಟುವಂತೆ ನೋಡಿಕೊಂಡು ಸುಮ್ಮನಾದೆ. ಹತ್ತನೇ ದಿನ ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ ಪೊರೆ ಬಿಟ್ಟ. ಇನ್ನೂ ಮೂರು ದಿನ ಬಿಟ್ಟು, ರಾತ್ರಿ ದೀಪ ಆರಿಸಿ, ಫ್ರೀಜರ್‌ನ ಇಲಿಯನ್ನು ಪೂರ್ತಿ ಕರಗಿಸಿ ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಉದ್ದ ಚಿಮಟದಲ್ಲಿ ಮಡಕೆಯ ಬಾಗಿಲಿಗೆ ಹಿಡಿದೆ. ಈ ಹಾವಿನ ತುಟಿಯಂಚಿನ ಕುಳಿಗಳು ಬಿಸಿಯನ್ನು ಗುರುತಿಸುತ್ತವೆ. ತಣ್ಣಗಿನ ಇಲಿ ಅದಕ್ಕೆ ಬೇಟೆ ಅನ್ನಿಸಲ್ಲ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಟಪ್ ಅಂತ ಹಿಡಿದ. ಸಂಕ್ರಾಂತಿಗೆ ಇನ್ನೂ ನಾಲ್ಕು ದಿನವಿತ್ತು.

ಸಾಕುವವರಿಗೆ ಎರಡು ಮಾತು. ಜೀವಂತ ಇಲಿ ಬಿಟ್ಟು ಮಲಗಬೇಡಿ, ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುತ್ತೆ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಹಾಗಾಗಿ ದಿನ ಎಣಿಸಬೇಡಿ, ತೂಕ ನೋಡಿ. ಹತ್ತನೇ ಒಂದು ಭಾಗ ಇಳಿದರೆ, ಬಾಯಲ್ಲಿ ಲೋಳೆ ಬಂದರೆ, ಉಸಿರಾಟದಲ್ಲಿ ಸದ್ದು ಬಂದರೆ ಕಾಯಬೇಡಿ. ಹಾವು ನೋಡಿ ಅಭ್ಯಾಸವಿರುವ ಪಶುವೈದ್ಯರ ಹತ್ತಿರ ಹೋಗಿ. ಬಾಯಿ ಬಿಡಿಸಿ ತುರುಕೋದು ನಮ್ಮ ಕೆಲಸ ಅಲ್ಲ. ಬಿಸಿ, ತೇವ, ಒಂದು ಮೂಲೆ, ಕೊಂಚ ಮೌನ ಕೊಡೋದಷ್ಟೇ ನಮ್ಮ ಕೆಲಸ.